ಅರವತ್ತೊಂದು ಖಾಲಿ ಸಾಲುಗಳು

"ಅಣ್ಣಾ, ಲೆಕ್ಕ ನನ್ನದ ಐತಿ. ಆದ್ರ ಇದನ್ನ ಬರದಾಕಿ ನಾನಲ್ಲ," ಎಂದಳು ಪಂಪಾವತಿ.

ಮಾರೇಶ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದ. ಅವಳ ಕೈಯಲ್ಲಿದ್ದ ಮೂವತ್ತೆರಡು ಹಾಳೆಗಳನ್ನು ಅವನೇ ಬಳ್ಳಾರಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದ. ಅವಳ ಒಡೆದ ಗಾಜಿನ ಫೋನಿನಲ್ಲಿ ಆ ಫೈಲು ತೆರೆದಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಕುರುಗೋಡಿಗೆ ಬರುವಷ್ಟರಲ್ಲಿ ಅವನು ಅದನ್ನು ಎರಡು ಸಲ ತಿರುವಿ ಹಾಕಿದ್ದ. ಅಂದವಾಗಿ ಟೈಪ್ ಮಾಡಿದ ಪಟ್ಟಿ. ದಿನಾಂಕ, ಎತ್ತು ದುಡಿದ ತಾಸು, ಹೆಗಲ ಹುಣ್ಣಿನ ಅಳತೆ. ಎಲ್ಲಕ್ಕೂ ಮೇಲೆ ಇನ್ನೊಬ್ಬಳ ಹೆಸರು: ಸೌಂದರ್ಯ, ಸಿರುಗುಪ್ಪ.

"ತಂಗೆಮ್ಮ, ಒಗಟು ಹೇಳಬ್ಯಾಡ. ನನಗ ಮೊದಲ ತಲಿ ಕೆಟ್ಟೈತಿ. ಕದ್ದಾರೋ ಇಲ್ಲೋ?"

"ಕದ್ದಾರ. ಕದ್ದು, ನನಗಿಂತ ಹೆಚ್ಚು ದಿನ ಕೆಲಸ ಮಾಡ್ಯಾರ."

ಹತ್ತು ದಿನದ ಹಿಂದೆ ಪಂಪಾವತಿಯ ನಾಲ್ಕು ನೋಟ್‌ಬುಕ್‌ಗಳು ಕುರುಗೋಡು ಬಸ್‌ಸ್ಟ್ಯಾಂಡಿನ ಕರಿಬಸವನ ಜೆರಾಕ್ಸ್ ಅಂಗಡಿಯಿಂದ, ಪ್ರತಿ ಮಾಡಿಸಲು ಕೊಟ್ಟಲ್ಲೇ, ಮಾಯವಾಗಿದ್ದವು. ಕಾಲೇಜಿನಿಂದ ಬಂದಿದ್ದೇನೆ ಎಂದ ಹೆಂಗಸೊಬ್ಬಳು ಅವನ್ನು ಒಯ್ದಿದ್ದಳು. ಆಮೇಲೆ ಅನ್ವೇಷಣ ವಿಶ್ವವಿದ್ಯಾಲಯದ ಪತ್ರ ಬಂತು. ಒಂದೇ ಸಂಶೋಧನೆ, ಎರಡು ಅರ್ಜಿ. ಸೌಂದರ್ಯ ದಿನದಿನದ ದಾಖಲೆ ಕೊಟ್ಟಾಗಿದೆ, ಅದರ ಪ್ರತಿ ಇದರ ಜೊತೆಗಿದೆ. ಪಂಪಾವತಿ ಮಂಗಳವಾರ ಬೆಳಿಗ್ಗೆ ಹನ್ನೊಂದರೊಳಗೆ ತನ್ನ ಮೂಲ ದಾಖಲೆ ತೋರಿಸದಿದ್ದರೆ ಅವಳ ಅರ್ಜಿ ರದ್ದು.

ಇವತ್ತು ಶನಿವಾರ.

ಆ ವಿಶ್ವವಿದ್ಯಾಲಯಕ್ಕೆ ಈ ವರ್ಷ ಬಂದ ಅರ್ಜಿ ಹದಿನಾರು ಸಾವಿರ. ಸೀಟು ಇನ್ನೂರು. ಅಲ್ಲಿ ಬರೀ ಮಾರ್ಕ್ಸ್ ನೋಡುವುದಿಲ್ಲ. ಯಾರೂ ಹೇಳದೆ ನೀನಾಗಿ ಏನು ಮಾಡಿದೆ ಎಂದು ಕೇಳುತ್ತಾರೆ. ಕೇಳುವುದೇನೋ ಸರಿಯೇ. ಆದರೆ ಆ ಪ್ರಶ್ನೆ ಹುಟ್ಟಿದ ಮರುದಿನವೇ ಅದಕ್ಕೆ ಉತ್ತರ ಮಾರುವ ಅಂಗಡಿಗಳೂ ಹುಟ್ಟಿದವು.

ಪಂಪಾವತಿ ಯಾವ ಅಂಗಡಿಗೂ ಹೋದವಳಲ್ಲ. ಕುರುಗೋಡಿನ ಸರಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ. ತಾಯಿ ಪಾರಮ್ಮ ದಿನಾ ಬಸ್ಸು ಹತ್ತಿ ಬಳ್ಳಾರಿಯ ಜೀನ್ಸ್ ಯೂನಿಟ್ಟಿಗೆ ಹೊಲಿಗೆಗೆ ಹೋಗುವವಳು. ಕತ್ತರಿಸಿ ಬಿದ್ದ ಬಟ್ಟೆ ಚೂರುಗಳನ್ನು ಒಲೆಗೆಂದು ಚೀಲದಲ್ಲಿ ತರುತ್ತಿದ್ದಳು. ತಂದೆ ಎರ್ರಣ್ಣನ ಎತ್ತು ಬೋಡನ ಹೆಗಲ ಮೇಲೆ ನೊಗ ಉಜ್ಜಿ ಅಂಗೈಯಗಲ ಹುಣ್ಣಾಗಿತ್ತು. ಚೂರುಗಳನ್ನೂ ಹುಣ್ಣನ್ನೂ ಆ ಮನೆಯಲ್ಲಿ ಎಲ್ಲರೂ ದಿನಾ ನೋಡುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡಿದವಳು ಇವಳೊಬ್ಬಳೇ.

ಆರು ಪದರ ಜೀನ್ಸ್ ಹೊಲಿದು ನೊಗದ ಕೆಳಗೆ ಕಟ್ಟಿದಳು. ಮೊದಲನೆಯದು ಒಗೆಯದ ಬಟ್ಟೆ. ಬೆವರಿಗೆ ಬಣ್ಣ ಬಿಟ್ಟು ಬೋಡನ ಕುತ್ತಿಗೆಯೆಲ್ಲ ನೀಲಿಯಾಯಿತು. "ಎರ್ರಣ್ಣಾ, ಎತ್ತಿಗೆ ಪ್ಯಾಂಟ್ ಹೊಲಿಸಿದೇನಲೇ?" ಎಂದು ಓಣಿಯವರು ಬಿದ್ದು ಬಿದ್ದು ನಕ್ಕರು. ಎರಡನೆಯದರ ಹೊಲಿಗೆ ಚುಚ್ಚಿತು. ಮೂರನೆಯದು ಜಾರಿತು. ಏಳನೆಯದು ನಿಂತಿತು.

ಅಳತೆಗೆ ಅವಳ ಬಳಿ ಯಾವ ಯಂತ್ರವಿತ್ತು? ಹೊಸ ಸೀರೆಗೆ ಬರುವ ಪ್ಲಾಸ್ಟಿಕ್ ಕವರು. ಅದನ್ನು ಹುಣ್ಣಿನ ಮೇಲೆ ಮೆತ್ತಗೆ ಇಟ್ಟು, ಅಂಚಿನ ಗೆರೆ ಎಳೆದು, ಗ್ರಾಫ್ ಹಾಳೆಗೆ ಹಚ್ಚಿ, ಚೌಕಗಳನ್ನು ಎಣಿಸಿದಳು. ನಾನೂರ ಇಪ್ಪತ್ತೇಳು ದಿನ.

ಇವಳ ವಯಸ್ಸಿಗೆ ಮಾರೇಶ ವಾಷಿಂಗ್ ಯೂನಿಟ್ಟಿನಲ್ಲಿ ಪ್ಯಾಂಟ್ ತೊಳೆಯುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಈಗ ಕಳೆದುಹೋದ ಬೈಕು, ಓಡಿಹೋದ ಗುಮಾಸ್ತ, ಮದುವೆ ಗಂಡಿನ ಚಾಳಿ, ಇಂಥವನ್ನೆಲ್ಲ ಪತ್ತೆ ಹಚ್ಚುವುದು ಅವನ ಕಸುಬು. ಹಿಂದೆ ಅದೇ ಯೂನಿಟ್ಟಿನಲ್ಲಿ ಊಟದ ಹೊತ್ತಿಗೆ ತನ್ನ ಡಬ್ಬಿಯ ಅರ್ಧ ಹಂಚುತ್ತಿದ್ದ ಪಾರಮ್ಮ ಬಂದು, "ನನ್ನ ಮಗಳ ಪುಸ್ತಕ ಹುಡುಕಿ ಕೊಡಪ್ಪ" ಎಂದಾಗ ಅವನು ಇಲ್ಲವೆನ್ನಲಿಲ್ಲ.

"ಎಲ್ಲಿ ಹೆಚ್ಚು ಕೆಲಸ ಮಾಡ್ಯಾರ? ತೋರಿಸು," ಎಂದ.

"ನನ್ನ ಪುಸ್ತಕದಾಗ ಅರವತ್ತೊಂದು ಸಾಲು ಖಾಲಿ ಅದಾವು. ಇದರಾಗ ಒಂದೂ ಇಲ್ಲ."

"ಮರ್ತಿದ್ದೇನು?"

"ಮರೀಲಿಲ್ಲ. ಮಳಿ ಬಂದ ದಿನ ಸೊನ್ನಿ ಬರದೀನಿ. ನನಗ ಜ್ವರ ಬಂದಾಗ ಅಪ್ಪನ ಕೈಲೆ ಅಳತಿ ತೆಗೆಸೀನಿ. ಈ ಅರವತ್ತೊಂದು ಬೇಕಂತ್ಲೇ ಬಿಟ್ಟೀನಿ." ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಆಗಸ್ಟ್ ನಾಕು. ಐದು ತಾಸು ದುಡೀತು ಅಂತ ಬರದಾರ. ಯಾವ ವಾರ ಅಂತ ನೋಡು."

ಮಾರೇಶ ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದ. "ಸೋಮಾರ. ಅದಕ್ಕ?"

ಮೇವು ಹಾಕುತ್ತಿದ್ದ ಎರ್ರಣ್ಣನ ಕೈ ಅಲ್ಲೇ ನಿಂತಿತು.

"ಏನಂದಿ? ಸೋಮಾರ ನೊಗ ಹೊರಿಸ್ಯಾರಾ? ಅದೂ ಶ್ರಾವಣದಾಗ?" ಸಿಟ್ಟು ಬಂದರೆ ಎರ್ರಣ್ಣನ ಬಾಯಲ್ಲಿ ಅವನ ತಾಯಿಯ ಕಡೆಯ ತೆಲುಗು ಬರುತ್ತಿತ್ತು. "ಎವಡ್ರಾ ವಾಡು? ಯಾವನಲೇ ಅವನು? ಕೈಗೆ ಸಿಗಲಿ, ಅವನ ಹೆಗಲಿಗೇ ಕಟ್ತೀನಿ ನೊಗ!"

"ಅಪ್ಪಾ, ಯಾರೂ ಹೊರಿಸಿಲ್ಲ. ಸುಳ್ಳು ಬರದಾರ."

"ಸುಳ್ಳಿಗರ ಯಾಕ ಹೊರಿಸಬೇಕು?"

ಮಾರೇಶ ಹುಟ್ಟಿ ಬೆಳೆದದ್ದು ಬಳ್ಳಾರಿಯ ಗಲ್ಲಿಯಲ್ಲಿ. ಅವನಿಗೆ ಎರ್ರಣ್ಣನೇ ಬಿಡಿಸಿ ಹೇಳಬೇಕಾಯಿತು. ಸೋಮವಾರ ಬಸವಣ್ಣನ ದಿನ. ಈ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಆ ದಿನ ಎತ್ತು ಹೂಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಸುಮ್ಮನೆ ಬಿಡುತ್ತಾರೆ.

"ಅವತ್ತು ಹುಣ್ಣಿನ ಮ್ಯಾಲೆ ಕವರ್ ಇಡಾಕೂ ಅಪ್ಪ ಬಿಡಾಂಗಿಲ್ಲ," ಎಂದಳು ಪಂಪಾವತಿ. "ಜಗಳ ಆಡೀನಿ. ಕೇಳಲಿಲ್ಲ. ಅದಕ್ಕ ಖಾಲಿ ಬಿಟ್ಟೆ. ಅಳೀದ ಹೆಂಗ ಬರೀಲಿ?"

ಅಳೆಯದೆ ಹೇಗೆ ಬರೆಯಲಿ. ಹದಿನೇಳರ ಹುಡುಗಿ ದನದ ಕೊಟ್ಟಿಗೆಯಲ್ಲಿ ನಿಂತು ಈ ಮಾತು ಹೇಳುತ್ತಿದ್ದಳು. ಅಳೆಯದೆಯೇ ಬರೆದು, ಬರೆದದ್ದಕ್ಕೆ ಮುದ್ರೆ ಒತ್ತಿ, ತಿರುಗುವ ಕುರ್ಚಿಯಲ್ಲಿ ತಿರುಗುತ್ತಿರುವ ಎಷ್ಟೋ ಮಂದಿಯನ್ನು ಮಾರೇಶ ಬಲ್ಲ.

"ಇನ್ನೊಂದು ಐತಿ," ಎಂದಳು. "ಆಗಸ್ಟ್ ಮೂರು, ನಾಕು ತಾಸು. ಐದನೇ ತಾರೀಕು, ಆರು ತಾಸು. ನಡುವಿಂದು ಐದು. ಅಲ್ಲಿ ನೋಡು, ಹತ್ತೊಂಬತ್ತನೇ ಹಾಳಿ. ಆಕಡಿ ಎರಡು, ಈಕಡಿ ಐದು, ನಡುವ ಮೂರೂವರಿ. ಎಲ್ಲಾ ಸೋಮಾರನೂ ಹಿಂಗ. ಖಾಲಿ ಕಂಡ ಕೂಡ್ಲೆ ಹಿಂದಿಂದು ಮುಂದಿಂದು ಕೂಡಿಸಿ ಅರ್ಧ ಮಾಡಿ ತುಂಬ್ಯಾರ. ಬೋಡ ಯಾವತ್ತೂ ಇಷ್ಟು ನೀಟಾಗಿ ದುಡೀಲಿಲ್ಲ."

ಅವಳು ಅಳಲಿಲ್ಲ. ಕಿರುಚಲಿಲ್ಲ. ಕದ್ದವರ ಲೆಕ್ಕವನ್ನೂ ತನ್ನ ಲೆಕ್ಕದಷ್ಟೇ ಜತನದಿಂದ ಓದಿದ್ದಳು.

"ಎದ್ದೇಳು," ಎಂದ ಮಾರೇಶ. "ಸಿರುಗುಪ್ಪಕ್ಕ ಹೋಗೂಣು. ಆ ಸೌಂದರ್ಯನ್ನ ನೋಡಬೇಕು ನಾನು."

ಎರ್ರಣ್ಣ ಹೆಗಲ ಮೇಲಿನ ಟವೆಲು ಕೊಡವಿದ. "ಕರಕೊಂಡು ಹೋಗಪ್ಪ. ಕತ್ತಲಾಗೂದ್ರಾಗ ಮನಿಗೆ ತಂದು ಬಿಡು. ಮತ್ತ ಅವನ್ಯಾವನು ಅಂತ ನನಗ ಹೇಳು."

* * *

ಸಿರುಗುಪ್ಪದ ಆ ರೈಸ್ ಮಿಲ್ಲಿನಲ್ಲಿ ಮಾತಾಡಬೇಕಾದರೆ ಕೂಗಬೇಕು. ಮಾಲೀಕ ಅಂಜಿನಪ್ಪ ರಾಯಚೂರಿಗೆ ಹೋಗಿದ್ದ. ವಾರದ ರಜೆಗೆಂದು ಬಳ್ಳಾರಿಯ ಹಾಸ್ಟೆಲಿನಿಂದ ಬಂದಿದ್ದ ಮಗಳು ಸೌಂದರ್ಯ ಮಿಲ್ಲಿನ ಆಫೀಸಿನಲ್ಲಿ ಸಿಕ್ಕಳು. ಮಾರೇಶ ಬಾಗಿಲು ಹಾಕಿದ. ಸದ್ದು ಅರ್ಧವಾಯಿತು. ಅವನು ಹಾಳೆಗಳನ್ನು ಮೇಜಿನ ಮೇಲೆ ಎಸೆದ.

"ಇದು ಯಾರ್ದು?" ಎಂದಳು ಸೌಂದರ್ಯ.

"ನಾಟಕ ಬ್ಯಾಡವ್ವ. ಮ್ಯಾಲೆ ನಿನ್ನ ಹೆಸರೈತಿ."

ಅವಳು ಓದಿದಳು. ಹುಬ್ಬು ಗಂಟಿಕ್ಕಿತು. "ಎತ್ತಾ? ಸರ್, ನನಗ ಎತ್ತು ಅಂದ್ರ ಜೀವ ಹೋಗ್ತೈತಿ. ನಾಲ್ಕನೇತ್ತದಾಗ ಇದ್ದಾಗ ಒಂದು ಹಾಯ್ದಿತ್ತು. ಈಗೂ ಭತ್ತದ ಬಂಡಿ ಬಂದ್ರ ನಾನು ಒಳಗ ಓಡ್ತೀನಿ. ಬೇಕಾದ್ರ ನಮ್ಮ ಹಮಾಲರನ್ನ ಕೇಳ್ರಿ, ದಿನಾ ನಗ್ತಾರ."

"ಮತ್ತ ನೀ ಕಳಿಸಿದ್ದು ಏನು?"

"ನಾ ಬರದಿದ್ದು ಕಿವಿದು."

ಮಾರೇಶ ನಂಬಲಿಲ್ಲ. ದುಡ್ಡಿದ್ದವರ ಮಕ್ಕಳ ಕಣ್ಣೀರನ್ನು ಅವನು ನಂಬುವವನಲ್ಲ. ಆದರೆ ಸೌಂದರ್ಯ ಅಳಲಿಲ್ಲ. ಡ್ರಾಯರಿನಿಂದ ಒಂದು ಡೈರಿ ತೆಗೆದಳು.

ಮಿಲ್ಲಿನಲ್ಲಿ ಹತ್ತು ವರ್ಷ ದುಡಿದವರು ಫೋನಿನಲ್ಲಿ ಯಾಕೆ ಅಷ್ಟು ಗಟ್ಟಿಯಾಗಿ ಒದರುತ್ತಾರೆ? ಮನೆಗೆ ಹೋದರೆ ಹೆಂಡತಿ ಮಕ್ಕಳು ಯಾಕೆ ಅವರಿಗೆ ಎರಡೆರಡು ಸಲ ಹೇಳಬೇಕು? ಮೂವತ್ತನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಗೋಡೌನಿನಲ್ಲಿ ಕೂರಿಸಿ, ಮೊಬೈಲಿನ ಸದ್ದು ಎಷ್ಟು ದೂರದವರೆಗೆ ಕೇಳುತ್ತದೆಂದು ಹೆಜ್ಜೆ ಎಣಿಸಿ ಬರೆದಿದ್ದಳು.

"ನಂದು ಅರ್ಜಿ ತುಂಬಿಕೊಡೋ ಗೈಡೆನ್ಸ್ ಸರ್ ಇದನ್ನ ಕಳಿಸಬ್ಯಾಡ ಅಂದ್ರು. ಅಪ್ಪನ ಮಿಲ್ಲಿಗೆ ಕೆಟ್ಟ ಹೆಸರು ಬರ್ತೈತಿ, ನಾನು ಛಲೋ ಟಾಪಿಕ್ ಕೊಡ್ತೀನಿ ಅಂದ್ರು. ನಾ ಒಪ್ಪಲಿಲ್ಲ. ಆದ್ರ ಅರ್ಜಿದು ಪಾಸ್‌ವರ್ಡ್ ಅವರ ಹತ್ರನ ಇತ್ತು. ನಂದನ್ನ ಕಳಿಸ್ಯಾರ ಅಂತ ತಿಳಕೊಂಡಿದ್ದೆ ನಾನು."

ಬಾಗಿಲ ಬಳಿ ನಿಂತಿದ್ದ ಪಂಪಾವತಿ ಬಂದು ಡೈರಿಯ ಮೇಲೆ ಬಗ್ಗಿದಳು. "ಹೆಜ್ಜಿ ಯಾರ್ದು? ಎಲ್ಲಾರ್ದೂ ಒಂದ ಅಳತಿ ಇರಾಂಗಿಲ್ಲಲ್ಲ?"

"ನಂದ ಹೆಜ್ಜಿ. ಎಲ್ಲಾ ಸಲನೂ ನಾನ ನಡದೀನಿ. ಬಿಳಿ ಪೇಂಟಿನ್ಯಾಗ ನೆಲದ ಮ್ಯಾಲೆ ಗುರುತು ಹಾಕೀನಿ."

"ಅಲಾ! ಮತ್ತ ಆಜುಬಾಜು ಸಪ್ಪಳ ಇದ್ದಾಗ?"

"ಕರೆಂಟ್ ಹೋದಾಗ ಮಾಡಿದ್ದು. ಮಿಲ್ ನಿಂತಿರ್ತಿತ್ತು. ಕರೆಂಟ್ ಹೋಗ್ಲಿ ಅಂತ ಕಾಯ್ಕೊಂತ ಕೂತಿರ್ತಿದ್ದೆ."

"ನಮ್ಮೂರಾಗ ನಿನಗ ಇಷ್ಟು ಕಾಯಾದು ಇರ್ತಿದ್ದಿಲ್ಲ," ಎಂದಳು ಪಂಪಾವತಿ. ಇಬ್ಬರೂ ನಕ್ಕರು.

ಮಾರೇಶ ಬಾಯಿ ಬಿಟ್ಟುಕೊಂಡು ನೋಡಿದ. ಒಂದೇ ಸೀಟಿಗೆ ಗುದ್ದಾಡಬೇಕಾದ ಇಬ್ಬರು ಹುಡುಗಿಯರು ಒಂದೇ ಮೇಜಿಗೆ ಮೊಣಕೈ ಊರಿ, ಕಳವು ಪತ್ತೆಯ ಮಾತನ್ನೇ ಮರೆತು, ಕಿವಿಯನ್ನೂ ಹುಣ್ಣನ್ನೂ ಅಳೆಯುವ ಮಾತಾಡುತ್ತಿದ್ದರು. ಸಿರುಗುಪ್ಪದ ಮಿಲ್ಲಿನಲ್ಲಿ ಒಬ್ಬಳು, ಕುರುಗೋಡಿನ ಕೊಟ್ಟಿಗೆಯಲ್ಲಿ ಒಬ್ಬಳು. ಇಂಥವರನ್ನು ಹುಡುಕಲೆಂದೇ ದೊಡ್ಡ ಕಾಲೇಜುಗಳು ಇರುವುದಾದರೆ, ಇವರಿಬ್ಬರ ನಡುವೆ ಒಬ್ಬ ದಲ್ಲಾಳಿ ಯಾಕೆ ಬಂದು ಕೂತ?

"ಹೆಸರು ಹೇಳು ಅವನ್ದು," ಎಂದ.

"ಚನ್ನಬಸವರಾಜ ಸರ್. ಬಳ್ಳಾರಿ ಪಾರ್ವತಿನಗರದಾಗ ಆಫೀಸು." ಸೌಂದರ್ಯ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. "ನೀವು ಹೋಗ್ರಿ. ನಾನು ಪಾಸ್‌ವರ್ಡ್ ಬದಲಿ ಮಾಡಿ ವಿಶ್ವವಿದ್ಯಾಲಯಕ್ಕ ಬರೀತೀನಿ. ಇದು ನಂದಲ್ಲ ಅಂತ."

"ಬರದ್ರ ನಿನ್ನ ಸೀಟು?"

"ಹೋಗ್ತದ. ಅಪ್ಪ ಬಂದು ಮನಿ ಒಂದು ಮಾಡ್ತಾನ." ಅವಳ ಬೆರಳು ನಿಲ್ಲಲಿಲ್ಲ. "ಬರೀದಿದ್ರ ಜೀವಮಾನ ಪೂರ್ತಿ ಎತ್ತಿನ ಬಗ್ಗೆ ಮಾತಾಡಬೇಕಾಗ್ತದಲ್ರಿ ಸರ್!"

* * *

ಪಾರ್ವತಿನಗರದ ಆ ಆಫೀಸಿನಲ್ಲಿ ಎಸಿ ಇತ್ತು. ಗೋಡೆ ತುಂಬ ಫೋಟೋಗಳಿದ್ದವು. ಕೆರೆ ದಂಡೆ ಗುಡಿಸುತ್ತಿರುವ ವಿದ್ಯಾರ್ಥಿ, ಆಸ್ಪತ್ರೆ ಅಂಗಳ ಗುಡಿಸುತ್ತಿರುವ ವಿದ್ಯಾರ್ಥಿನಿ. ಮಾರೇಶ ಹತ್ತಿರ ಹೋಗಿ ನೋಡಿದ. ಆರು ಫೋಟೋ, ಆರು ಮಕ್ಕಳು, ಕಸಬರಿಗೆ ಮಾತ್ರ ಒಂದೇ. ಕೆಂಪು ಹಿಡಿಕೆ, ಮೇಲೊಂದು ನೀಲಿ ದಾರ.

ಇದಕ್ಕೆ ಪ್ರೊಫೈಲ್ ಕಟ್ಟುವುದು ಎನ್ನುತ್ತಾರಂತೆ. ಹದಿನೇಳರ ಮಕ್ಕಳ ಕೈಗೆ ಪೊರಕೆ ಕೊಟ್ಟು, ಫೋಟೋ ಹೊಡೆದು, ಪೊರಕೆ ವಾಪಸ್ ಇಸಿದುಕೊಳ್ಳುವುದು.

ಚನ್ನಬಸವರಾಜ ಐವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಮಾತು, ಇಸ್ತ್ರಿ ಮಾಡಿದ ಅಂಗಿ. ಹಿಂದಿನ ಗೋಡೆಯಲ್ಲಿ ಬಸವಣ್ಣನ ಪಟ, ಮೇಲೆ ಒಣಗಿದ ಹೂವಿನ ಹಾರ. ಪಂಪಾವತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಾರೇಶ ಒಬ್ಬನೇ ಒಳಗೆ ಹೋಗಿದ್ದ.

"ನೋಡಿ, ಒಂದೇ ವಿಷಯ ಇಬ್ಬರಿಗೆ ಹೊಳೆಯಬಹುದು," ಎಂದ ಚನ್ನಬಸವರಾಜ, ಹಾಳೆಗಳನ್ನು ಮುಟ್ಟದೆ. "ನಿಮಗೆ ಸಂಶೋಧನೆಯ ಪದ್ಧತಿ ಗೊತ್ತಿರಲಿಕ್ಕಿಲ್ಲ. ನೀವು ಎಷ್ಟು ಓದಿದ್ದೀರಿ?"

"ಎಂಟನೇತ್ತ. ಅದೂ ಅರ್ಧ."

"ಹಾಗಾದರೆ ಬಿಡಿ." ಅವನು ನಕ್ಕ.

ಮಾರೇಶನ ಕೈ ಮೇಜಿನ ಅಂಚನ್ನು ಹಿಡಿಯಿತು. ಈ ನಗುವನ್ನು ಅವನು ಬ್ಯಾಂಕಿನಲ್ಲಿ ನೋಡಿದ್ದ, ಠಾಣೆಯಲ್ಲಿ ನೋಡಿದ್ದ. ಕೊರಳಪಟ್ಟಿ ಹಿಡಿಯಲು ಎರಡು ಅಡಿ ದೂರವಿತ್ತು ಅಷ್ಟೇ. ಆಗ ಹಿಂದಿನಿಂದ ಬಾಗಿಲು ತೆರೆಯಿತು.

"ಸರ್, ನಮಸ್ಕಾರ್ರಿ," ಎಂದಳು ಪಂಪಾವತಿ. "ಜಿಲ್ಲಾ ವಿಜ್ಞಾನ ಪ್ರದರ್ಶನದಾಗ ನೀವು ನನ್ನ ಟೇಬಲ್ ಮುಂದ ಅರ್ಧ ತಾಸು ನಿಂತಿದ್ರಿ. ಮಸ್ತ್ ಐತಿ ಅಂದಿದ್ರಿ. ನೆನಪೈತೇನ್ರಿ?"

ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಅವಳನ್ನು ನೋಡಿ ಅರ್ಧ ಎದ್ದಳು. ಮತ್ತೆ ಕೂತಳು. ಮಾರೇಶನ ಕಣ್ಣಿಗೆ ಅದು ತಪ್ಪಲಿಲ್ಲ.

"ಎಲ್ಲ ಮಕ್ಕಳಿಗೂ ಹೇಳುತ್ತೇನಮ್ಮ," ಎಂದ ಚನ್ನಬಸವರಾಜ.

"ಎರಡು ಪ್ರಶ್ನಿ ಕೇಳ್ತೀನ್ರಿ. ಮಂಗಳವಾರ ವಿಶ್ವವಿದ್ಯಾಲಯದವರೂ ಇವನ್ನ ಕೇಳ್ತಾರ." ಅವಳು ಕುರ್ಚಿಯಲ್ಲಿ ಕೂರಲಿಲ್ಲ. "ಬೋಡನ ಹುಣ್ಣು ಎಡಕ್ಕ ಯಾಕ ದೊಡ್ಡದಿತ್ತು?"

ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಜೋಡಿ ಎತ್ತಿಗಿಂತ ಬೋಡ ನಾಕು ಬೆರಳು ಗಿಡ್ಡ. ನೊಗ ವಾರಿ ಆಗ್ತೈತಿ, ಭಾರ ಎಲ್ಲಾ ಒಂದ ಕಡಿ ಬೀಳ್ತೈತಿ. ಇರ್ಲಿ ಬಿಡ್ರಿ. ಎರಡನೇದು. ಆಗಸ್ಟ್ ನಾಕಕ್ಕ ಐದು ತಾಸು ಎಡಿ ಹೊಡದದ್ದು ಯಾರ ಹೊಲದಾಗ?"

"ಅದೆಲ್ಲ ಸೌಂದರ್ಯಳ ದಾಖಲೆ..."

"ಅವತ್ತು ಶ್ರಾವಣ ಸೋಮಾರ ಇತ್ರಿ."

ಚನ್ನಬಸವರಾಜ ಮೊದಲ ಸಲ ಹಾಳೆಗಳನ್ನು ಎಳೆದುಕೊಂಡ. ಒಂದು ತಾರೀಕು ನೋಡಿದ, ಮೊಬೈಲು ನೋಡಿದ. ಇನ್ನೊಂದು ತಾರೀಕು ನೋಡಿದ. ಅವನ ಕಿವಿಗಳು ಕೆಂಪಾದವು. ಎರಡು ತಲೆಮಾರಿನ ಹಿಂದೆ ಅವನ ಮನೆಯಲ್ಲೂ ಕೊಟ್ಟಿಗೆ ಇದ್ದಿರಬೇಕು.

"ನಿಮ್ಮಜ್ಜ ಸೋಮಾರ ಎತ್ತು ಹೂಡಿದ್ನೇನ್ರಿ?" ಎಂದ ಮಾರೇಶ. "ಹಿಂದ ಪಟ ಐತಿ. ತಿರುಗಿ ಒಮ್ಮೆ ನೋಡ್ರಿ, ಅವರು ಏನಂತಾರ."

ಚನ್ನಬಸವರಾಜ ತಿರುಗಿದ್ದು ಮೂಲೆಯ ಹೆಂಗಸಿನ ಕಡೆಗೆ. "ಶೀಲಾ! ಏನಿದು? ಸೋಮಾರ ಯಾಕ ತುಂಬಿದಿ?" ಇಸ್ತ್ರಿ ಮಾಡಿದ ಮಾತು ಮುದುಡಿಹೋಗಿತ್ತು.

"ಖಾಲಿ ಇತ್ತಲ್ಲ ಸರ್," ಎಂದಳು ಶೀಲಾ. ಮಂಗಳೂರಿನ ಕಡೆಯವಳು. "ನೀವೇ ಹೇಳಿದ್ದು ಸರ್, ಹುಡುಗಿ ಉದಾಸೀನ ಮಾಡಿದ್ದಾಳೆ, ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲ, ತುಂಬಿಸು ಅಂತ. ಎತ್ತಿಗೂ ವಾರದ ರಜೆ ಉಂಟು ಅಂತ ನನಗೆ ಹೇಗೆ ಗೊತ್ತು?"

ಅಲ್ಲಿಗೆ ಮುಗಿಯಿತು. ಯಾರ ಪುಸ್ತಕ ನೋಡಿ ತುಂಬಿಸಿದೆ ಎಂದು ಕೇಳುವ ಅಗತ್ಯವೇ ಉಳಿಯಲಿಲ್ಲ. ತಾನು ಏನು ಒಪ್ಪಿಕೊಂಡೆನೆಂದು ಶೀಲಾಗೂ ಗೊತ್ತಾಯಿತು. ಅವಳು ಬಾಯಿಗೆ ಸೆರಗು ಒತ್ತಿದಳು.

ಮಾರೇಶ ಫೋನ್ ತೆಗೆದು ಸೌಂದರ್ಯಳಿಗೆ ಹಚ್ಚಿದ, ಸ್ಪೀಕರ್ ಹಾಕಿದ. ಹಿಂದೆ ಮಿಲ್ಲಿನ ಸದ್ದು.

"ಕಳಿಸೀನಿ ಸರ್," ಎಂದು ಅವಳು ಕೂಗಿದಳು. "ಎತ್ತಿಂದು ನಂದಲ್ಲ ಅಂತ ಬರದೀನಿ, ಕಿವಿದು ಹಚ್ಚೀನಿ. ಚನ್ನಬಸವರಾಜ ಸರ್ ಅಲ್ಲೇ ಅದಾರೇನ್ರಿ? ಅವರಿಗೆ ಹೇಳ್ರಿ, ಹೊಸ ಪಾಸ್‌ವರ್ಡ್ ಅವರಿಗೆ ಕೊಡಾಂಗಿಲ್ಲ!"

ಚನ್ನಬಸವರಾಜ ಎದ್ದ. ಕಬ್ಬಿಣದ ಬೀರು ತೆಗೆದ. ಕೆಳಗಿನ ಅರೆಯಿಂದ ನಾಲ್ಕು ಉದ್ದ ನೋಟ್‌ಬುಕ್‌ಗಳನ್ನು ತಂದು ಮೇಜಿನ ಮೇಲಿಟ್ಟ. ರಟ್ಟಿನ ಮೇಲೆ ಹಳದಿ ಕಲೆ, ಒಂದರ ಅಂಚನ್ನು ಬೋಡ ನೆಕ್ಕಿ ಉಬ್ಬಿಸಿತ್ತು.

"ಪೊಲೀಸ್ ಬ್ಯಾಡ," ಎಂದ ಮೆತ್ತಗೆ. "ನನಗೂ ಮಕ್ಕಳದಾರ."

"ಆ ಮಾತು ಆಮ್ಯಾಲೆ," ಎಂದ ಮಾರೇಶ.

ಪಂಪಾವತಿ ಅವನತ್ತ ನೋಡಲೂ ಇಲ್ಲ. ಒಂದೊಂದೇ ಪುಸ್ತಕ ತೆರೆದು ಹಾಳೆ ಎಣಿಸಿದಳು. ಎಲ್ಲೂ ಹರಿದಿರಲಿಲ್ಲ. ಸೀರೆ ಕವರಿನ ತುಂಡುಗಳೂ ಪಿನ್ ಹಾಕಿದಲ್ಲೇ ಇದ್ದವು. ಅರವತ್ತೊಂದು ಸಾಲುಗಳೂ ಖಾಲಿಯಾಗಿಯೇ ಇದ್ದವು. ಎಣಿಸಿ ಮುಗಿಸಿ ಅವಳು ನಾಲ್ಕನ್ನೂ ಎದೆಗೆ ಒತ್ತಿಕೊಂಡಳು. ಹತ್ತು ದಿನದಲ್ಲಿ ಮಾರೇಶ ಅವಳ ಹಲ್ಲು ಪೂರ್ತಿ ಕಾಣುವಂತೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

"ಈಗ ಕಳಿಸಿಬಿಡು," ಎಂದ. "ಮಂಗಳವಾರದ ತನಕ ಯಾಕ ಕಾಯಾದು? ನನ್ನ ಫೋನಿನ್ಯಾಗ ಫೋಟೋ ತೆಗಿ, ಹಾಕು."

ಅವಳು ಒಡೆದ ಗಾಜಿನ ಫೋನು ತೆಗೆದು ವಿಶ್ವವಿದ್ಯಾಲಯದ ಪತ್ರ ಹುಡುಕಿದಳು. ಅದರ ಮೇಲೆ ಹೊಸದೊಂದು ಪತ್ರ ಬಂದು ಕೂತಿತ್ತು. ಬಂದು ಹನ್ನೆರಡು ನಿಮಿಷವಾಗಿತ್ತು.

ಅವಳು ಓದಿದಳು. ನಗು ಹೋಗಲಿಲ್ಲ, ಮುಖದ ಮೇಲೆ ಹಾಗೆಯೇ ಮರೆತುಹೋಗಿ ಉಳಿಯಿತು. ಫೋನನ್ನು ಮಾರೇಶನಿಗೆ ಕೊಟ್ಟಳು.

ನಿಮ್ಮ ಕೋರಿಕೆಯಂತೆ ನಿಮ್ಮ ಅರ್ಜಿಯನ್ನು ಹಿಂಪಡೆಯಲಾಗಿದೆ. ಇದು ತಪ್ಪಿನಿಂದ ಆಗಿದ್ದಲ್ಲಿ, ನಲವತ್ತೆಂಟು ತಾಸಿನೊಳಗೆ ನಿಮ್ಮ ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ನಮೂದಿಸಿ ಮರಳಿ ಸೇರಿಸಬಹುದು.

ಮಾರೇಶ ಚನ್ನಬಸವರಾಜನ ಕೊರಳಪಟ್ಟಿ ಹಿಡಿದೇಬಿಟ್ಟ. "ಇದನ್ನೂ ಮಾಡಿದೇನಲೇ?"

"ನಾನಲ್ಲ! ಬಸವಣ್ಣನಾಣಿ ನಾನಲ್ಲ!" ಅವನ ಕಣ್ಣುಗಳು ಹೊರಗೆ ಬಂದಿದ್ದವು. "ನಿಮ್ಮ ಮುಂದ ಕೂತೀನಿ ಆವಾಗಿಂದ! ಆಕಿ ಅರ್ಜಿ ನಂಬರ್ ಸೈತ ನನಗ ಗೊತ್ತಿಲ್ಲ. ಓಟಿಪಿ ಇಲ್ದ ಹೆಂಗ ತೆಗಿಯಾಕ ಬರ್ತೈತಿ?"

ಅವನು ಹೇಳುತ್ತಿದ್ದುದು ನಿಜ. ಇಂಥ ಹೆದರಿಕೆಯಲ್ಲಿ ಸುಳ್ಳು ಹೇಳುವಷ್ಟು ಗಟ್ಟಿ ಮನುಷ್ಯ ಅವನಲ್ಲ. ಮಾರೇಶ ಕೈ ಬಿಟ್ಟ.

"ನೋಂದಾಯಿತ ಮೊಬೈಲು ಯಾರ್ದು?"

"ಅವ್ವಂದು," ಎಂದಳು ಪಂಪಾವತಿ.

ಮೂರನೆಯ ಸಲಕ್ಕೆ ಪಾರಮ್ಮ ಫೋನ್ ಎತ್ತಿದಳು. ಹಿಂದೆ ಹೊಲಿಗೆ ಮೆಷಿನ್ನುಗಳ ಸದ್ದು ಇರಬೇಕಿತ್ತು. ಇರಲಿಲ್ಲ.

"ಪಾರಕ್ಕಾ, ಪುಸ್ತಕ ಸಿಕ್ಕಾವು. ನಾಕೂ ಸಿಕ್ಕಾವು," ಎಂದ ಮಾರೇಶ. "ನಿಮ್ಮ ಫೋನಿಗೆ ಓಟಿಪಿ ಬಂದಿತ್ತೇನು?"

"ಬಂದಿತ್ತಪ್ಪ."

"ಯಾರರ ಕೇಳಿದ್ರಾ?"

"ವಿಶ್ವವಿದ್ಯಾಲಯದವರು ಕೇಳಿದ್ರು. ಹೇಳಿದೆ."

"ಅಯ್ಯೋ ಪಾರಕ್ಕ, ಯಾರಿಗೂ ಹೇಳಬ್ಯಾಡ್ರಿ ಅಂತ ಎಷ್ಟು ಸಲ ಬಡಕೊಂಡಿದ್ದೆ! ಮೋಸ ಮಾಡ್ಯಾರ ನಿಮಗ. ಇರ್ಲಿ, ಈಗ ಇನ್ನೊಂದು ಬರ್ತೈತಿ. ಅದನ್ನ ನನಗ..."

"ಮಾರೇಶ." ಪಾರಮ್ಮನ ಧ್ವನಿಯಲ್ಲಿ ಅಳುವಿರಲಿಲ್ಲ. "ಯಾರೂ ಮೋಸ ಮಾಡಿಲ್ಲ. ಅರ್ಜಿ ತೆಗೀರಿ ಅಂತ ನಾನ ಅವರಿಗೆ ಫೋನ್ ಮಾಡಿದ್ದೆ. ಅದನ್ನ ಹೇಳಿದ್ರ ಏನಾಗ್ತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೇ ಹೇಳೀನಿ."

ಪಂಪಾವತಿ ಫೋನ್ ಕಿತ್ತುಕೊಂಡಳು. "ಅವ್ವಾ, ನಾನು. ಪುಸ್ತಕ ನನ್ನ ಕೈಯಾಗ ಅದಾವು. ನಾ ಗೆದ್ದೀನಿ ಅವ್ವಾ!"

"ನೀ ಗೆಲ್ತಿ ಅಂತ ನನಗ ಗೊತ್ತಿತ್ತವ್ವ," ಎಂದಳು ಪಾರಮ್ಮ. "ಗೆದ್ದು ನನ್ನ ಬಿಟ್ಟು ದೂರ ಹೋಗ್ತಿ ಅಂತ್ಲೇ ಹೇಳಿಬಿಟ್ಟೆ."

ಫೋನ್ ಕಟ್ಟಾಯಿತು. ಪಂಪಾವತಿ ಮತ್ತೆ ಹಚ್ಚಿದಳು. ಪಾರಮ್ಮ ಫೋನನ್ನು ಆರಿಸಿಟ್ಟಿದ್ದಳು.